ಚಾಚಿ ಅರ್ಥ ಹೇಳದೆ ಬಿಟ್ಟ ಸಿನಿಮಾ

ನಗುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಎಲೆಯಡಿಕೆಯಿಂದ ಕೆಂಪಾದ ಉಬ್ಬುಹಲ್ಲು, ಪಕ್ಕದಲ್ಲಿ ಬಿದ್ದುಹೋದ ಹಲ್ಲಿನ ಕಿಂಡಿ, ಎಲ್ಲ ಕಾಣುವಂತೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಹಾನಗಲ್ಲಿನಿಂದ ಸವಣೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಆ ನಗೆಗೆ ಹೆದರಿದ್ದೆ. ಹೆಣ್ಣುಮಕ್ಕಳು ಹಾಗೆ ನಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಅವಳು ನಮ್ಮ ಓಣಿಗೆ ಬಳೆ ಇಡಿಸಲು ಬರುವವಳು. ಹಿಂದೂ ಮುಸಲ್ಮಾನ ಅನ್ನದೆ ಎಲ್ಲರ ಬಾಯಲ್ಲೂ ಚಾಚಿ. ಬಳೆಯ ಗಂಟು ಬಿಚ್ಚುವ ಮೊದಲು ಊರಿನ ಸುದ್ದಿ ಬಿಚ್ಚುತ್ತಿದ್ದಳು. ಸುಗ್ಗಿ ಮುಗಿದು ಊರ ಹೊರಗಿನ ಬಯಲಿನಲ್ಲಿ ಸಿನಿಮಾದ ಟೆಂಟು ಏಳುತ್ತಿದ್ದ ದಿನಗಳಲ್ಲಿ ಅವಳಿಗೆ ಬೇರೆ ಮಾತೇ ಇರಲಿಲ್ಲ. ಮೊದಲ ದಿನವೇ ಹೋಗಿ ನೋಡಿ ಬಂದು, ಮರುದಿನ ನಮ್ಮ ಅಂಗಳದಲ್ಲಿ ಅದನ್ನೆಲ್ಲ ನಡೆದು, ಬಿದ್ದು, ಎದ್ದು ತೋರಿಸುವಳು.

"ಇದಕ್ಕ ಬರಬಹುದ್ರಿ ಅವ್ವಾರ. ಕಡಾ ತಂದ ಕೋಟು ಹಾಕ್ಕೊಂಡು ಹೆಣ್ಣು ನೋಡಾಕ ಹೊಕ್ಕಾನ. ಕೋಟಿನ ಮಾಲಕ ಅಲ್ಲೇ ಕುಂತಿರತಾನ!"

ಅವ್ವಾರ ಎಂದರೆ ನನ್ನ ಅತ್ತೆ. ಮನೆಯಲ್ಲಿ ಗಟ್ಟಿಯಾಗಿ ಕೆಮ್ಮದಿದ್ದ ಅವರು ಚಾಚಿಯ ಎದುರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಕಾಳುಕಡಿಯ ವ್ಯಾಪಾರದ ಮಾವನಿಗೆ ಮಾತ್ರ ಎಲ್ಲ ಸಿನಿಮಾವನ್ನೂ ಭಕ್ತಿಯದೆಂದೇ ಹೇಳಿ ನಾವು ಹೊರಡುತ್ತಿದ್ದೆವು.

ನಮ್ಮ ಗುಂಪಿನಲ್ಲಿ ಇನ್ನೊಬ್ಬಳಿದ್ದಳು: ಪಕ್ಕದ ದೊಡ್ಡಮನೆಯ ಸೊಸೆ. ತವರೂರಿನ ಹೆಸರಿನಿಂದ ಅವಳನ್ನು ಹಿರೇಕೆರೂರಿನಾಕಿ ಎನ್ನುತ್ತಿದ್ದರು. ಕಂಕುಳಲ್ಲಿ ಪುಟ್ಟ ಮಗಳನ್ನು ಎತ್ತಿಕೊಂಡು ಬರುತ್ತಿದ್ದಳು. ನನ್ನ ಅತ್ತೆ ಹೋಗಿ ಕೇಳಿದರೆ ಮಾತ್ರ ಆ ಮನೆಯವರು ಅವಳನ್ನು ಕಳಿಸುತ್ತಿದ್ದರು.

ಟೆಂಟಿನಲ್ಲಿ ಗಂಡಸರಿಗೂ ನಮಗೂ ನಡುವೆ ಒಂದು ಪರದೆ. ಸಿನಿಮಾದ ಮಾತು ಹಿಂದಿ; ಪೇಟೆ ತಿರುಗುವ ಗಂಡಸರಿಗೆ ಅಷ್ಟಿಷ್ಟು ತಿಳಿಯುತ್ತಿತ್ತು, ನಮಗೆ ಬಾರದು. ಚಾಚಿಯ ಮನೆಮಾತು ಉರ್ದು. ಅವಳು ಪ್ರತಿ ಮಾತನ್ನೂ ನಮ್ಮ ಕನ್ನಡಕ್ಕೆ ತಂದು ಒದರುತ್ತಿದ್ದಳು. ಹಾಗಾಗಿ ಗಂಡಸರ ಕಡೆ ನಗೆ ಮುಗಿಯುವ ಹೊತ್ತಿಗೆ ನಮ್ಮ ಕಡೆ ನಗೆ ಶುರುವಾಗುತ್ತಿತ್ತು. ಒಮ್ಮೆ ನಾನು, ನೀನೊಬ್ಬಳೇ ಮೊದಲ ದಿನ ನೋಡಿರುತ್ತೀಯಲ್ಲ, ಮತ್ತೆ ನಮ್ಮ ಜೊತೆ ಯಾಕೆ ಎಂದು ಕೇಳಿದ್ದೆ.

"ಅಳೂ ಸಿನಿಮಾ ಆದ್ರ ಒಬ್ಬಾಕಿನ ನೋಡಿ ಬರ್ತಿದ್ದೆ ತಂಗಿ. ಒಬ್ಬಾಕಿನ ಕುಂತು ನಕ್ಕರ ಮಂದಿ ಏನಂದಾರು?" ಎಂದು ಮತ್ತೆ ನಕ್ಕಳು.

ಮಹಾಯುದ್ಧ ನಡೆದಿದ್ದ ಒಂದು ವರ್ಷ ಚಾಚಿಯ ಗಂಡನಿಗೆ ಜ್ವರ ಬಂದು, ಅವಳು ಮೊದಲೇ ನೋಡದ ಸಿನಿಮಾಕ್ಕೆ ನಾವೆಲ್ಲ ಹೋದೆವು. ಶುರುವಿಗೆ ಚೆನ್ನಾಗಿಯೇ ಇತ್ತು. ಆಮೇಲೆ ಒಬ್ಬ ಗಿಡ್ಡ ಗಂಡ ಕಸಬರಿಗೆ ಹಿಡಿದು ಹೆಂಡತಿಯನ್ನು ಮನೆ ತುಂಬ ಅಟ್ಟಿಸಿಕೊಂಡು ಹೊಡೆಯತೊಡಗಿದ. ಪ್ರತಿ ಏಟಿಗೂ ಒಂದು ಡೋಲಿನ ಸದ್ದು. ಗಂಡಸರ ಕಡೆ ಟೆಂಟು ಹಾರಿಹೋಗುವಂಥ ನಗೆ. ಹೆಂಡತಿ ಅಳುತ್ತ ಏನೋ ಅಂದಳು. ನಗೆ ಇನ್ನೂ ಜೋರಾಯಿತು. ನಾವು ಚಾಚಿಯ ಮಾತಿಗೆ ಕಾದೆವು.

"ಏನಂದ್ಲು? ಏ ಚಾಚಿ, ಏನಂದ್ಲು?" ಎಂದರು ಅತ್ತೆ.

"ಏನಿಲ್ಲ ಬಿಡ್ರಿ ಅವ್ವಾರ."

ನಾನು ತಿರುಗಿ ನೋಡಿದೆ. ಹಿರೇಕೆರೂರಿನಾಕಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಇನ್ನೊಂದು ಕೈ ಚಾಚಿಯ ಕೈಯಲ್ಲಿತ್ತು. ಆ ಆಟ ಮುಗಿಯುವವರೆಗೆ ಚಾಚಿ ಒಂದು ಮಾತಿನ ಅರ್ಥವನ್ನೂ ಹೇಳಲಿಲ್ಲ. ಹೆಂಗಸರ ಕಡೆ ಯಾರೂ ನಗಲಿಲ್ಲ.

ಮುಂದಿನ ವಾರ ನನಗೆ ಬಳೆ ಇಡಿಸುತ್ತ ಚಾಚಿ ದನಿ ತಗ್ಗಿಸಿ ಹೇಳಿದಳು: "ಆಕಿ ಕೈಗೆ ಬಳಿ ಏರಸೂಮುಂದ ಪ್ರತಿ ಸಲ ಹೊಸಾ ಬಾವು ಇರತೈತಿ ತಂಗಿ. ನಿನ್ನೆ ಅವರತ್ತಿಗೆ ಹೇಳಿದೆ. ನೀ ಬಳಿ ಇಡಸಾಕಿ, ಬಳಿ ಇಡಿಸಿ ಹೋಗು ಅಂದ್ಲು."

ಆ ಮಳೆಗಾಲ ಹಿರೇಕೆರೂರಿನಾಕಿ ಹಿತ್ತಲ ಬಾವಿಯಲ್ಲಿ ಸತ್ತಳು. ನೀರು ಸೇದುವಾಗ ಕಾಲು ಜಾರಿತಂತೆ ಎಂದರು. ತವರಿಂದ ಅವಳಪ್ಪ ಬರುವವರೆಗೆ ಹೆಣವನ್ನು ರೂಢಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮುತ್ತೈದೆಯ ಸಾವು, ಹಸಿರು ಬಳೆ ಇಡಿಸಬೇಕೆಂದು ಚಾಚಿಯನ್ನು ಕರೆಸಿದರು. ಓಣಿಯ ಹೆಂಗಸರೆಲ್ಲ ಅಲ್ಲಿದ್ದೆವು. ಹೊರಗೆ ಕಟ್ಟೆಯ ಮೇಲೆ ಊರಿನ ಹಿರಿಯರು.

ಚಾಚಿ ಎಡಗೈಗೆ ಬಳೆ ಇಡಿಸಿದಳು. ಬಲಗೈ ಎತ್ತಿಕೊಂಡವಳು ಹಾಗೇ ಕುಳಿತಳು. ಮಣಿಕಟ್ಟು ಸೊಟ್ಟಗಾಗಿ ಊದಿತ್ತು. ಅರಿಷಿಣದ ಪಟ್ಟು ಹಾಕಿ ಬಿಚ್ಚಿದ ಕಲೆ ನೀರಿಗೂ ಹೋಗಿರಲಿಲ್ಲ.

"ಲಗೂ ಮಾಡು," ಎಂದಳು ಸತ್ತವಳ ಅತ್ತೆ.

ಚಾಚಿ ಹೊರಗಿದ್ದವರಿಗೂ ಕೇಳುವಂತೆ ಹೇಳಿದಳು: "ಈ ಕೈ ಬಾವ್ಯಾಗ ಮುರಿದಿಲ್ಲ. ಮೊದಲ ಮುರಿದೈತಿ. ಮುರಿದ ಕೈಲೆ ಈಕಿ ಹಗ್ಗ ಹೆಂಗ ಹಿಡದ್ಲರಿ? ನೀರು ಸೇದಾಕ ಹೆಂಗ ಹೋದ್ಲು?"

ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಅವಳಪ್ಪ ಒಳಗೆ ಬಂದು, ಮಗಳ ಕೈಯನ್ನು ತಾನೇ ಹಿಡಿದು ನೋಡಿದ. ಅವನು ಅಳಲಿಲ್ಲ. ಬೀಗರ ಕಡೆ ತಿರುಗಿ, "ಒಂದೋ ಕೂಸನ್ನ ನನ್ನ ಕೈಯಾಗ ಕೊಡ್ರಿ, ಇಲ್ಲಾ ಫೌಜದಾರನ್ನ ಕರಕೊಂಡು ಬರ್ತೇನಿ," ಎಂದ. ಹೆಣ್ಣುಕೂಸು ತಾನೆ, ಕೊಟ್ಟರು. ಮಣ್ಣು ಮುಗಿಸಿ ಅವನು ಮೊಮ್ಮಗಳೊಂದಿಗೆ ಬಂಡಿ ಹತ್ತಿದ. ಪೊಲೀಸ್ ಠಾಣೆಯಿಂದ ಫೌಜದಾರ ಬರಲಿಲ್ಲ. ದೊಡ್ಡಮನೆಯ ಮಗನಿಗೆ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಯಿತು.

ಶಿಕ್ಷೆಯಾದದ್ದು ಚಾಚಿಗೆ. ದೊಡ್ಡಮನೆಯವರ ಮಾತಿಗೆ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಮ್ಮ ಮನೆಗೂ ಬಂದಳು. ಕಟ್ಟೆಯ ಮೇಲಿದ್ದ ಮಾವ, "ಇಲ್ಲಿ ಬಳಿ ಬ್ಯಾಡ," ಎಂದರು. ಅತ್ತೆ ಬಾಗಿಲ ಹಿಂದೆ ನಿಂತೇ ಇದ್ದರು. ಚಾಚಿ ಗಂಟನ್ನು ಹೆಗಲಿಗೇರಿಸಿ ಹೋದಳು. ಕೆಲವು ತಿಂಗಳಲ್ಲಿ ಗಂಡನನ್ನು ಕರೆದುಕೊಂಡು ಹುಲಗೂರಿನ ಅಣ್ಣನ ಮನೆ ಸೇರಿದಳೆಂದು ಕೇಳಿದೆವು.

ಅತ್ತೆಯ ಹರಕೆಯಿತ್ತೆಂದು ನಾವು ಒಮ್ಮೆ ಹುಲಗೂರಿನ ದರ್ಗಾಕ್ಕೆ ಹೋದಾಗ ಅವಳು ಹೊರಗಿನ ಬೇವಿನ ಕೆಳಗೆ ಬಳೆ ಹರಡಿಕೊಂಡು ಕುಳಿತಿದ್ದಳು. ತುಂಬ ಸೊರಗಿದ್ದಳು. ಮೊದಲು ಕೇಳಿದ್ದೇ ಆ ಮಗುವಿನ ಸುದ್ದಿ. ಅಜ್ಜ ಅವಳನ್ನು ಶಾಲೆಗೆ ಹಾಕಿದ್ದಾನಂತೆ ಎಂದೆ. ಬಹಳ ಹೊತ್ತು ತಲೆಯಾಡಿಸಿದಳು.

"ಅವತ್ತು ಹಂಗ ಅಂದದ್ದಕ್ಕ ನಿನಗ ಬ್ಯಾಸರ ಆಗಿಲ್ಲೇನ ಚಾಚಿ?" ಎಂದು ಕೇಳಿದೆ.

"ಆಗೈತಿ ತಂಗಿ," ಎಂದಳು. "ಊರ ಮಂದಿ ಮುಂದ ಆಕಿ ಸತ್ತ ಮ್ಯಾಲ ಅಂದೆ. ಜೀವ ಇದ್ದಾಗ ಅನ್ನಬೇಕಿತ್ತು."

ಅತ್ತೆ ಅವಳ ಮುಂದೆ ಎರಡೂ ಕೈ ಒಡ್ಡಿ ಕುಳಿತರು. ಚಾಚಿ ಆ ಕೈಗಳಿಗೆ ಬಳೆ ಇಡಿಸುವುದನ್ನು ನಾನು ನೋಡುತ್ತ ನಿಂತೆ.

ಯುದ್ಧ ಮುಗಿದ ಮೇಲಿನ ಬೇಸಗೆಯಲ್ಲಿ ಚಾಚಿ ತೀರಿಕೊಂಡಳು. ಹುಲಗೂರಿನಿಂದ ಜೋಳ ತಂದ ಬಂಡಿಯವನು ಚೀಲ ಇಳಿಸುತ್ತ ಅದನ್ನೊಂದು ಸಣ್ಣ ಸುದ್ದಿಯಂತೆ ಹೇಳಿ ನೀರು ಕುಡಿದು ಹೋದ. ಆ ದಿನ ಅಡಿಗೆ ಮಾಡಿ ಮಾವನಿಗೆ ಬಡಿಸಿದೆ. ಊಟಕ್ಕೆ ಏಳಿ ಎಂದು ಕರೆದರೆ ಅತ್ತೆ ಏಳಲಿಲ್ಲ. ನಾನೂ ಉಣ್ಣದೆ ಅವರ ಪಕ್ಕದಲ್ಲೇ ಕುಳಿತೆ. ಕೈ ತೊಳೆದು ಬಂದ ಮಾವ ನಮ್ಮಿಬ್ಬರನ್ನೂ ನೋಡಿ, "ಇವತ್ತು ಯಾವ ಉಪಾಸ?" ಎಂದರು.

ಅತ್ತೆ ತಲೆಯೆತ್ತಿ, ಮದುವೆಯಾಗಿ ಬಂದಂದಿನಿಂದ ನಾನು ಕೇಳದಿದ್ದಷ್ಟು ಗಟ್ಟಿಯಾಗಿ ಹೇಳಿದರು:

"ನಮ್ಮಾಕಿ ಒಬ್ಬಾಕಿ ತೀರಿಕೊಂಡಾಳ."