ಶೈಲಾಳ ಕೀಲು, ಅಜ್ಜಿಯ ಹರಕೆ

ನನ್ನ ಮಗಳು ಶೈಲಾ ಮೊದಲು ಕುಂಟಿದ್ದು ಎಲ್ಲಿ ಎಂಬುದು ನನಗೆ ಖಚಿತವಿಲ್ಲ. ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ, ಸವಳಂಗದ ಬಸ್ಸಿನಿಂದ ಇಳಿಯುವಾಗ, ಎಡಗಾಲನ್ನು ನೆಲಕ್ಕೆ ಊರದೆ ನನ್ನ ತೋಳು ಹಿಡಿದುಕೊಂಡಳು ಎಂದು ನನ್ನ ನೆನಪು. ಅದು ಬಸ್ ಸ್ಟ್ಯಾಂಡಲ್ಲ, ನಮ್ಮ ಹಿತ್ತಿಲ ಮೆಟ್ಟಿಲು, ಆಗ ನೀವು ಊರಲ್ಲೇ ಇರಲಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಇಬ್ಬರಲ್ಲಿ ಒಬ್ಬರು ಕಟ್ಟಿಕೊಂಡು ಹೇಳುತ್ತಿದ್ದೇವೆ. ಇಬ್ಬರೂ ಇರಬಹುದು. ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಅಳೆಯದೆ ಯಾವುದನ್ನೂ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು. ನೆನಪನ್ನು ಅಳೆಯುವುದು ಹೇಗೆಂದು ಅಲ್ಲಿ ಯಾರೂ ಕಲಿಸಲಿಲ್ಲ.

ಅವಳಿಗೆ ಆಗ ಹನ್ನೊಂದು ವರ್ಷ. ದಪ್ಪ ಹುಡುಗಿ.

ದಪ್ಪ ಎನ್ನುವ ಮಾತು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. "ಮೈಕೈ ತುಂಬ್ಕಂಡು ಲಕ್ಷಣವಾಗೈತೆ ಕೂಸು" ಎಂದು ಬಂದವರೆಲ್ಲ ಹೇಳಬೇಕು, ನನ್ನ ತಾಯಿ ಅದನ್ನು ಕೇಳಿಸಿಕೊಂಡು ಶೈಲಾಳಿಗೆ ದೃಷ್ಟಿ ತೆಗೆಯಬೇಕು. ಶೈಲಾ ಏಳು ತಿಂಗಳಿಗೇ ಹುಟ್ಟಿದವಳು. ಚನ್ನಗಿರಿಯಲ್ಲಿ ಗಿರಿಜಾಳ ತವರುಮನೆಯಲ್ಲಿ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದರು. ಆಗ ನನ್ನ ತಾಯಿ ನ್ಯಾಮತಿ ಕಡೆಯ ಒಂದು ಸಣ್ಣ ಮಠಕ್ಕೆ ಹರಕೆ ಹೊತ್ತಳು: ಮಗು ಉಳಿದರೆ ಹನ್ನೆರಡು ತುಂಬಿದ ಮೇಲಿನ ಕಾರ್ತಿಕದಲ್ಲಿ ತಕ್ಕಡಿಯಲ್ಲಿ ಕೂರಿಸಿ ಅದರ ತೂಕದಷ್ಟು ಬೆಲ್ಲ ಕೊಡುತ್ತೇನೆ. ಮಗು ಉಳಿಯಿತು. ಅಂದಿನಿಂದ ನನ್ನ ತಾಯಿ ಆ ತಕ್ಕಡಿಗಾಗಿಯೇ ಅವಳನ್ನು ಬೆಳೆಸಿದಳು. ಬೆಳಿಗ್ಗೆ ತುಪ್ಪ ಸುರಿದ ರೊಟ್ಟಿ, ಶಾಲೆಯಿಂದ ಬಂದ ಕೂಡಲೇ ಶೇಂಗಾ ಉಂಡೆ, ಸಂಜೆ ಮಂಡಕ್ಕಿ ಮಿರ್ಚಿ, ಮಲಗುವಾಗ ಕೆನೆಹಾಲು. ದೇವರಿಗೆ ಇಷ್ಟೊಂದು ಬೆಲ್ಲ ಯಾಕೆ ಬೇಕು ಎಂದು ಒಮ್ಮೆ ಕೇಳಿದೆ. "ನಿಂಗೆ ಅಷ್ಟೊಂದು ಪುಸ್ತಕ ಯಾಕೆ ಬೇಕಿತ್ತೋ" ಎಂದಳು.

ಶೈಲಾಳಿಗೆ ಮಂಡಿ ನೋವು ಶುರುವಾಯಿತು. ಎಡಗಾಲಿನದು.

ಮೊದಲು ಎಣ್ಣೆ ತಿಕ್ಕುವವನು ಬಂದ. ನರ ಹೊರಳಿದೆ ಎಂದ. ಯಾವ ನರ ಎಂದು ಕೇಳಿದ್ದಕ್ಕೆ ನನ್ನನ್ನು ಮರುಕದಿಂದ ನೋಡಿದ. ಅವನು ತಿಕ್ಕಿದಷ್ಟು ದಿನವೂ ಅವಳು ಕಿರುಚಿದಳು. ಕಿರುಚಿದರೆ ನರ ಕೂರುತ್ತಿದೆ ಎಂದು ಅರ್ಥವಂತೆ. ಆಮೇಲೆ ಪೇಟೆಯ ಡಾಕ್ಟರು. ಮಂಡಿಯ ಎಕ್ಸ್-ರೇ ತೆಗೆಸಿದರು, ಕಿಟಕಿಗೆ ಹಿಡಿದು ನೋಡಿದರು, ಏನೂ ಇಲ್ಲ ಎಂದರು. ಹಾಗಾದರೆ ಕುಂಟುವುದೇಕೆ?

"ಮೇಷ್ಟ್ರೇ, ದಪ್ಪ ಇರೋ ಮಕ್ಕಳು ಸ್ವಲ್ಪ ಸೋಮಾರಿ. ಸ್ಕೂಲಿಗೆ ಹೋಗಾಕೆ ಮನಸ್ಸಿಲ್ಲ, ಅಷ್ಟೇ. ಓಡಾಡ್ಸಿ ಸರಿಹೋಗ್ತತೆ."

ಜೊತೆಗೆ ಹಸಿವು ಹೆಚ್ಚಿಸುವ ಒಂದು ಟಾನಿಕ್ ಬರೆದುಕೊಟ್ಟರು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ. ಖಾಲಿ ಬಾಟಲಿ ಇನ್ನೂ ನಮ್ಮ ಬಚ್ಚಲಲ್ಲಿ ಸೀಗೆಪುಡಿ ತುಂಬಿಕೊಂಡು ನಿಂತಿದೆ.

ಅದೇ ದಿನಗಳಲ್ಲಿ ಶಾಲೆಗೆ ಯಾವುದೋ ಮೆಡಿಕಲ್ ಕಾಲೇಜಿನಿಂದ ಸಂಶೋಧನೆಯವರು ಬಂದರು. ಮಕ್ಕಳ ಪೌಷ್ಟಿಕತೆಯ ಅಧ್ಯಯನ. ಒಂದೊಂದು ಮಗುವನ್ನೂ ತೂಗಿ, ತೋಳಿಗೆ ಪಟ್ಟಿ ಸುತ್ತಿ ಅಳೆದರು. ವಿಷಯ ತಿಳಿದು ನಾನೂ ಹೋದೆ. ನನ್ನ ಜಾತಿಯವರು ಕೊನೆಗೂ ಬಂದರು ಎನ್ನುವ ಆಸೆ. ಅಳೆಯುವವರ ಜಾತಿ. ಶೈಲಾ ತಕ್ಕಡಿ ಹತ್ತಿದಾಗ ಚಷ್ಮಾ ಹಾಕಿದ ಹುಡುಗ ಮುಳ್ಳನ್ನು ನೋಡಿ ನಕ್ಕು, ಅವಳ ಬೆನ್ನು ತಟ್ಟಿ, ಬಿಸ್ಕತ್ತು ಕೊಟ್ಟ. ಅವಳು ಕುಂಟುತ್ತಾಳೆ, ಸ್ವಲ್ಪ ನೋಡಿ ಎಂದೆ.

"ಸಾರ್, ನಮ್ಮದು ಬಡಕಲು ಮಕ್ಕಳ ಸ್ಟಡಿ. ನಿಮ್ಮ ಮಗಳಿಗೆ ಇದರಲ್ಲಿ ಜಾಗ ಇಲ್ಲ."

ಜಗಳೂರಿನ ಕಡೆ ಪಕ್ಕೆಲುಬು ಎಣಿಸಬಹುದಾದ ಮಕ್ಕಳನ್ನು ನಾನೂ ನೋಡಿದ್ದೇನೆ. ಅವರಿಗಾಗಿ ದುಡಿಯುವವರನ್ನು ಹಳಿಯುವುದಿಲ್ಲ. ಆದರೆ ಕಣ್ಣೆದುರು ಒಂದು ಮಗು ಕಾಲೆಳೆದುಕೊಂಡು ಹೋಗುವಾಗ, ತನ್ನ ಗೆರೆಗಳ ನಡುವೆ ಅದು ಕೂರುವುದಿಲ್ಲ ಎಂದು ಬಿಸ್ಕತ್ತು ಕೊಟ್ಟು ಕಳಿಸುವ ವಿದ್ಯೆಗೆ ಏನೆನ್ನಬೇಕು? ಎಣ್ಣೆಯವನು ಕಾಲನ್ನು ಮುಟ್ಟಿಯಾದರೂ ನೋಡಿದ್ದ.

ಒಂದು ಬೆಳಿಗ್ಗೆ ಶೈಲಾ ಬಚ್ಚಲಲ್ಲಿ ಜಾರಿದಳು. ಏಳಲಿಲ್ಲ.

ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಹೋದೆವು. ಅಲ್ಲಿನ ಮೂಳೆ ಡಾಕ್ಟರು ಮಂಡಿಯನ್ನು ನೋಡಲೇ ಇಲ್ಲ. ಎಡಗಾಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಲು ನೋಡಿದರು. ಅದು ತಿರುಗಲಿಲ್ಲ. ಪಾದ ಹೊರಗೇ ಮುಖ ಮಾಡಿತ್ತು. ಸೊಂಟದ ಕೀಲಿನ ಎಕ್ಸ್-ರೇ ಬಂತು. ತೊಡೆಯ ಮೂಳೆಯ ಮೇಲಿನ ಗುಂಡು, ಕೊಡದ ಮೇಲಿಟ್ಟ ಚೆಂಬು ಒಂದು ಕಡೆಗೆ ವಾಲಿದ ಹಾಗೆ, ಜಾರಿ ಕೂತಿತ್ತು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿನ ಬೆಸುಗೆ ಮೆತ್ತಗಿರುತ್ತದಂತೆ. ಮೈಭಾರ ಹೆಚ್ಚಿದ ಮಕ್ಕಳಲ್ಲಿ ಜಾರುತ್ತದಂತೆ. ಕಾಯಿಲೆ ಸೊಂಟದ ಕೀಲಿನದು, ನೋವು ಮಾತ್ರ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದಂತೆ.

"ಆಪರೇಷನ್ ಮಾಡಿ ಪಿನ್ ಹಾಕ್ತೀವಿ. ಎಡಗಾಲು ಸ್ವಲ್ಪ ಗಿಡ್ಡ ಉಳೀಬಹುದು. ನನ್ನ ಚಿಂತೆ ಬಲಗಾಲಿನದು. ಈ ಮಕ್ಕಳಿಗೆ ಆ ಕಡೇದೂ ಜಾರ್ತದೆ. ತೂಕ ಇಳಿಸ್ಲಿಲ್ಲ ಅಂದ್ರೆ ಇದೇ ಮಂಚಕ್ಕೆ ವಾಪಸ್ ಬರ್ತೀರಿ."

ಎರಡೂ ಕೀಲು ಹೋದರೆ?

ಡಾಕ್ಟರು ಕೈ ತೊಳೆಯಲು ಹೋದರು.

ಆಪರೇಷನ್ ಆಯಿತು. ವಾರ್ಡಿನಲ್ಲಿ ನಾವಿದ್ದಷ್ಟು ದಿನ ನೆಂಟರು ಬಂದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಪೊಟ್ಟಣ. ಬೆಣ್ಣೆ ದೋಸೆ, ಬಾದುಷಾ, ಬನ್ನು. ತಿನ್ನಬಾರದು ಎಂದರೆ, ಆಪರೇಷನ್ ಆದ ಕೂಸನ್ನು ಉಪವಾಸ ಕೆಡವುತ್ತೀರಾ ಎಂದು ಗಿರಿಜಾಳನ್ನು ತರಾಟೆಗೆ ತೆಗೆದುಕೊಂಡರು. ಹೊರಡುವ ದಿನ ಆಸ್ಪತ್ರೆಯವರು ಇಂಗ್ಲಿಷಿನ ಒಂದು ಡಯಟ್ ಚಾರ್ಟ್ ಕೊಟ್ಟರು. ಬೆಣ್ಣೆ ಹಚ್ಚದ ಟೋಸ್ಟ್, ಬೇಯಿಸಿದ ಮೀನು, ಸಕ್ಕರೆಯಿಲ್ಲದ ಚಹಾ. ಮೀನಿನ ವಾಸನೆಗೇ ಮೂಗು ಮುಚ್ಚಿಕೊಂಡು ಓಣಿ ಬದಲಿಸುವ ಮನೆಯವರು ನಾವು. ಗಿರಿಜಾಗೆ ಓದಿ ಹೇಳಿದೆ.

"ಮೀನು ತಿಂದು ಜಾತಿ ಕಳ್ಕಂಡ್ರೆ ಎಷ್ಟು ತೂಕ ಇಳೀತತೆ, ಅದನ್ನೂ ಕೇಳ್ಕಂಡು ಬರ್ರಿ" ಎಂದಳು.

ಶೈಲಾ ಮಂಚದ ಮೇಲೆ ನಕ್ಕಳು. ಹೊಲಿಗೆ ಎಳೆಯಿತು, ನಗುತ್ತಲೇ ಅತ್ತಳು.

ನಿಜವಾದ ಯುದ್ಧ ಮನೆಯಲ್ಲಿತ್ತು. ತುಪ್ಪ, ಉಂಡೆ, ಕೆನೆಹಾಲು ಎಲ್ಲ ನಿಲ್ಲಬೇಕು ಎಂದು ನಾನು ಹೇಳಿದಾಗ ನನ್ನ ತಾಯಿ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಮುಂದಿನ ಕಾರ್ತಿಕದವರ್ಗೂ ಕೂಸಿನ ತೂಕ ಇಳೀಬಾರ್ದು. ಹರಕೆ ತೀರ್ಲಿ. ಆಮೇಲೆ ಹುಲ್ಲು ತಿನ್ಸು."

"ಅವ್ವ, ಅಷ್ಟರಾಗೆ ಬಲಗಾಲೂ ಜಾರತೈತೆ. ಅವಳ ತೂಕದಷ್ಟು ಅಂದಿದ್ದೀಯ, ಇಳಿದ್ರೆ ಇಳಿದಷ್ಟು ಕೊಡು."

"ತಾನಾಗಿ ಇಳಿದ್ರೆ ಬ್ಯಾರೆ ಮಾತು. ಬೇಕಂತ ಇಳಿಸಿ ಕೂರ್ಸಿದ್ರೆ ಅದು ತೂಕದಾಗೆ ಮೋಸ. ವ್ಯಾಪಾರದ ಮನೇಲಿ ಹುಟ್ಟಿದೋನಿಗೆ ಅಷ್ಟೂ ತಿಳಿಯಲ್ವೇನೋ?"

ನಮ್ಮ ತಂದೆಗೆ ಕಿರಾಣಿ ಅಂಗಡಿಯಿತ್ತು. ಅಲ್ಲಿ ದೇವರೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಎಂಥ ತೂಕ ಸಿಗುತ್ತಿತ್ತು ಎಂಬುದು ಊರಿಗೇ ಗೊತ್ತಿತ್ತು. ಅದನ್ನು ಹೇಳಿಯೂ ಬಿಟ್ಟೆ. ಎರಡು ಹೊತ್ತು ಮನೆಯಲ್ಲಿ ಯಾರಿಗೂ ಊಟವಿಲ್ಲ. ಒಂದು ರೀತಿಯಲ್ಲಿ ಅದೇ ಮೊದಲ ಪಥ್ಯ.

ಈ ಗಂಟನ್ನು ಬಿಡಿಸಿದ್ದು ಶೈಲಾ. ಮಾತು ಹೀಗೇ ಇತ್ತೇ ಎಂದು ಪ್ರಮಾಣ ಮಾಡಲಾರೆ, ಸಾರ ಇದು. ಊರುಗೋಲುಗಳನ್ನು ಗೋಡೆಗೆ ಒರಗಿಸಿ ಕೂತಿದ್ದಳು.

"ಅಜ್ಜಿ, ಕಾರ್ತಿಕ ಯಾಕೆ? ಈಗ್ಲೇ ತೂಗಿಸ್ಬಿಡು. ಈಗಿನಷ್ಟು ದಪ್ಪ ನಾನು ಮತ್ತೆ ಸಿಗಲ್ಲ ನೋಡು."

ನನ್ನ ತಾಯಿ ಯೋಚಿಸಿದಳು. ಮುಂಚೆ ಕೊಟ್ಟರೆ ದೇವರಿಗೆ ನಷ್ಟವಿಲ್ಲ ಎಂಬ ತೀರ್ಮಾನಕ್ಕೆ ಬಂದಳು. ಮುಹೂರ್ತವನ್ನು ತಾನೇ ಇಟ್ಟಳು.

ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರನ್ನು ಕೇಳಿಯೇ ಮಠಕ್ಕೆ ಹೋದೆವು. ತೊಲೆಗೆ ಕಟ್ಟಿದ ಮರದ ತಕ್ಕಡಿ. ಇಬ್ಬರು ಎತ್ತಿ ಕೂರಿಸಿದರು. ಎಡಗಾಲು ಮಡಿಸುವಂತಿರಲಿಲ್ಲ, ಅದನ್ನು ನಾನು ಹೊರಗಿನಿಂದ ಹಿಡಿದುಕೊಂಡಿದ್ದೆ. ನಾನು ಹಿಡಿದರೆ ತೂಕ ಕಡಿಮೆ ತೋರಿಸುತ್ತದೆ ಎಂದು ನನ್ನ ತಾಯಿ ತಕರಾರು ತೆಗೆದಳು. ಜೀವನದಲ್ಲಿ ಮೊದಲ ಸಲ ಅವಳ ಭೌತಶಾಸ್ತ್ರ ಸರಿಯಿತ್ತು. ಸ್ಟೂಲು ಕೊಟ್ಟರೆ ಅದರ ಮೇಲೂ ಭಾರ ಬೀಳುತ್ತದೆ ಎಂದು ಇನ್ನೊಬ್ಬರು. ಕೊನೆಗೆ ತಕ್ಕಡಿಗೆ ಅಡ್ಡವಾಗಿ ಒಂದು ಹಲಗೆ ಹಾಕಿ ಕಾಲನ್ನು ಅದರ ಮೇಲೆ ಚಾಚಿದರು. ಆ ಹಲಗೆಯ ಭಾರ ಕಳೆಯಬೇಕೋ ಬೇಡವೋ ಎಂದು ಮತ್ತೆ ಚರ್ಚೆ. ಎದುರು ತಟ್ಟೆಯಲ್ಲಿ ಬೆಲ್ಲದ ಅಚ್ಚುಗಳು ಏರುತ್ತಿದ್ದವು, ಹುಡುಗಿ ಮೇಲೇಳುತ್ತಿರಲಿಲ್ಲ. ನೆರೆದವರಲ್ಲಿ ಯಾರೋ, ಇನ್ನೊಂದು ಗಾಡಿ ತರಿಸ್ರಪ್ಪ ಎಂದರು. ಎಲ್ಲರೂ ನಕ್ಕರು. ಶೈಲಾ ತಲೆ ತಗ್ಗಿಸಿದಳು.

ಆಗ ನನ್ನ ತಾಯಿ ಮೂಲೆಯಲ್ಲಿದ್ದ ಊರುಗೋಲುಗಳನ್ನು ತಂದು ಮೊಮ್ಮಗಳ ತೊಡೆಯ ಮೇಲಿಟ್ಟಳು.

"ಇವನ್ನೂ ತೂಗ್ರಿ."

"ಕಟ್ಟಿಗೆ ಯಾಕಜ್ಜಿ? ಹರಕೆ ಹುಡುಗಿದಲ್ವಾ?"

"ಈಗ ಅವಳ ಕಾಲು ಅದೇ ಅಲ್ವೇನ್ರೀ."

ನಗು ನಿಂತಿತು. ಬೆಲ್ಲ ಇಟ್ಟರು. ಶೈಲಾ ಕೂತ ತಟ್ಟೆ ಮೇಲೆದ್ದಿತು.

ನನ್ನ ತಾಯಿಗೆ ಕೀಲಿನ ಕಾಯಿಲೆ ಅರ್ಥವಾಯಿತು ಎಂದು ಯಾರೂ ತಿಳಿಯಬೇಡಿ. ಅವಳಿಗೆ ಇವತ್ತಿಗೂ ಅದು ದೃಷ್ಟಿ ತಾಗಿದ ಕಾಲು. ಆದರೆ ಹರಕೆ ತೀರಿದ ಮರುದಿನದಿಂದ ತುಪ್ಪದ ಗಡಿಗೆ ಅಟ್ಟಕ್ಕೆ ಹೋಯಿತು. ತೀರಿದ ಬಾಬತ್ತಿನ ಮೇಲೆ ಖರ್ಚು ಮಾಡುವ ಹೆಂಗಸಲ್ಲ ಅವಳು. ಒಂದು ರೊಟ್ಟಿ, ಸೊಪ್ಪಿನ ಪಲ್ಯ, ಹೆಸರುಕಾಳು, ನೀರು ಮಜ್ಜಿಗೆ. ಪೊಟ್ಟಣ ಹಿಡಿದು ಬಂದವರನ್ನು ಬಾಗಿಲಲ್ಲೇ ತಡೆದು, ಆ ಪೊಟ್ಟಣ ಬಿಚ್ಚಿ ಅವರಿಗೇ ತಿನ್ನಿಸಿ ಕಳಿಸಿದಳು. ಊರುಗೋಲು ಬಿಟ್ಟ ಮೇಲೆ, ಡಾಕ್ಟರು ಒಪ್ಪಿದಷ್ಟು ದೂರ, ಸಂಜೆ ಹೊತ್ತು ಹೊಳೆಯ ಕಡೆಗೆ ಅಜ್ಜಿ ಮೊಮ್ಮಗಳು ನಡೆದು ಹೋದರು. ದಾರಿಯುದ್ದಕ್ಕೂ ಇಬ್ಬರೂ ನನ್ನನ್ನು ಆಡಿಕೊಳ್ಳುತ್ತಿದ್ದರಂತೆ. ಇದು ಗಿರಿಜಾ ಹೇಳಿದ್ದು, ನಂಬಬಹುದು.

ಶೈಲಾ ತೆಳ್ಳಗಾಗಲಿಲ್ಲ. ಅಂಥ ಕಥೆ ಇದಲ್ಲ. ಒಂದು ವರ್ಷದಲ್ಲಿ ಎತ್ತರ ಬೆಳೆದಳು, ತೂಕ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಎಡಗಾಲು ಡಾಕ್ಟರು ಹೇಳಿದಂತೆ ಬೆರಳಗಲ ಗಿಡ್ಡ. ಶಾಲೆಯಲ್ಲಿ ಮೊದಲು ಲಾರಿ ಎನ್ನುತ್ತಿದ್ದರು, ಈಗ ಪಂಕ್ಚರ್ ಲಾರಿ ಎನ್ನುತ್ತಾರಂತೆ. ಹೇಳಿ ಅವಳೇ ನಕ್ಕಳು. ನನಗೆ ನಗು ಬರಲಿಲ್ಲ.

ಬಲಗಾಲು ಈವರೆಗೆ ನೋಯದಿದ್ದುದು ಪಥ್ಯದಿಂದಲೋ, ಬೆಸುಗೆ ತಾನಾಗಿ ಗಟ್ಟಿಯಾದದ್ದರಿಂದಲೋ, ಒಂದೇ ಮಗುವನ್ನು ಇಟ್ಟುಕೊಂಡು ಹೇಳುವುದು ಸಾಧ್ಯವಿಲ್ಲ. ನನ್ನ ತಾಯಿ ಬೆಲ್ಲದಿಂದ ಎನ್ನುತ್ತಾಳೆ. ಡಾಕ್ಟರು ಡಯಟ್ ಚಾರ್ಟಿನಿಂದ ಎನ್ನುತ್ತಾರೆ. ಎರಡನ್ನೂ ಒಂದೇ ಮೂಲೆಗೆ ಎಸೆದಿದ್ದೇನೆ.

ಈ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಮತ್ತೆ ಎಕ್ಸ್-ರೇ ತೆಗೆದರು. ಡಾಕ್ಟರು ಒಂದು ನೋಟ ಹಾಯಿಸಿ ಪರವಾಗಿಲ್ಲ ಎಂದರು. ಒಂದೇ ನೋಟದ ಮಾತನ್ನು ನಾನು ನಂಬಲಿಲ್ಲ. ಫಿಲ್ಮನ್ನು ಶಿವಮೊಗ್ಗಕ್ಕೆ ಒಯ್ದು, ನಮ್ಮ ಕಥೆಯೇನೂ ಹೇಳದೆ, ಇನ್ನೊಬ್ಬ ಮೂಳೆ ಡಾಕ್ಟರ ಮುಂದಿಟ್ಟೆ. ಅವರು ಅದನ್ನು ದೀಪದ ಪೆಟ್ಟಿಗೆಗೆ ಹಚ್ಚಿ, ಸ್ಕೇಲು ಇಟ್ಟು ಗೆರೆ ಎಳೆದು ನೋಡಿದರು. ಗೆರೆ ಗುಂಡನ್ನು ಹಾದು ಹೋದರೆ ಅದು ತನ್ನ ಜಾಗದಲ್ಲಿದೆ ಎಂದು ನನಗೂ ತೋರಿಸಿದರು. ಸ್ಕೇಲನ್ನು ಇಸಿದುಕೊಂಡು ನಾನೂ ಇಟ್ಟು ನೋಡಿದೆ.

ಬಲಗಡೆಯ ಕೀಲು ಜಾರಿಲ್ಲ.