ಎಮ್ಲಿನ್‌ನ ಹೆಬ್ಬೆರಳು

ನನ್ನ ಅಣ್ಣ ಎಮ್ಲಿನ್ ಪ್ಲಂಬರ್. ನಮ್ಮೂರು ಬೆಥೆಸ್ಡಾದ ಅರ್ಧ ಮನೆಗಳಿಗೆ ಪೈಪು ಹಾಕಿದವನು ಅವನೇ. ನೆಲದ ಹಲಗೆ ಹೊರುವ ತೊಲೆಗಳ ಮೇಲೆ ಪೈಪು ದಾಟಿಸಲು ತೊಲೆಯನ್ನು ಸ್ವಲ್ಪವೇ ಕೊಯ್ದು ಕಚ್ಚು ಹಾಕಬೇಕು; ಆಳವಾದರೆ ತೊಲೆಯ ಬಲ ಹೋಗುತ್ತದೆ. ಅವನು ಅದಕ್ಕೆ ಅಳತೆಪಟ್ಟಿ ಹಿಡಿದವನೇ ಅಲ್ಲ. ಕಚ್ಚಿನೊಳಗೆ ಹೆಬ್ಬೆರಳಿಟ್ಟು, ಉಗುರು ಮುಳುಗಿತೋ ಇಲ್ಲವೋ ಎಂದು ಮುಟ್ಟಿಯೇ ತಿಳಿಯುತ್ತಿದ್ದ. ಹಟಮಾರಿ, ಯಾರು ಹೇಳಿದರೂ ಕೇಳುವವನಲ್ಲ.

ಹೋದ ಚಳಿಗಾಲ ಅವನಿಗೆ ಲಕ್ವ ಹೊಡೆಯಿತು. ಎದ್ದು ಓಡಾಡುವಂತಾದದ್ದೇ ತಡ, "ಕೆಲಸ ಇಲ್ದೆ ಸತ್ತೇ ಹೋಗ್ತೀನಿ ಕಣೇ" ಎಂದು ನನ್ನ ತಲೆ ತಿನ್ನತೊಡಗಿದ. ನನ್ನ ಗಂಡ ಗೆರಾಂಟ್ ನೆಲಕ್ಕೆ ಕಲ್ಲು ಹಾಸುವವನು, ಅವನಿಗೆ ಗಾರೆ ಕಲಸಿಕೊಡುವವಳು ನಾನು. ಮಿಸೆಸ್ ಪ್ರೋಬರ್ಟ್ ಅವರ ಅಡುಗೆಮನೆಗೆ ನೆಲದಡಿ ಬಿಸಿನೀರಿನ ಪೈಪು, ಮೇಲೆ ಹಲಗೆ, ಅದರ ಮೇಲೆ ಸ್ಲೇಟ್ ಕಲ್ಲು ಹಾಕುವುದಿತ್ತು. ಗಂಡನ ಕಾಲು ಹಿಡಿದು ಅಣ್ಣನನ್ನು ಪೈಪಿನ ಕೆಲಸಕ್ಕೆ ಸೇರಿಸಿದೆ.

"ಒಂದು ತಪ್ಪಾದ್ರೂ ಅವ್ನು ವಾಪಸ್ ಮನೇಲೇ ಕೂರ್ಬೇಕು, ನೋಡು," ಎಂದಿದ್ದ ಗೆರಾಂಟ್.

ಪೈಪು ಮುಗಿದು ಹಲಗೆ ಬಿತ್ತು. ಎಮ್ಲಿನ್ ಸಾಮಾನು ಜೋಡಿಸಲು ಅಂಗಳಕ್ಕೆ ಹೋದ. ಕಲ್ಲು ಕೂರಿಸುವ ಮುಂಚೆ ಗೆರಾಂಟ್ ತುಂಬಿದ ಚಹಾದ ಮಗ್ಗನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಯಾರನ್ನಾದರೂ ನಡೆಸುತ್ತಾನೆ. ಚಹಾ ಕುಣಿದರೆ ನೆಲ ಅಲುಗುತ್ತಿದೆ ಎಂದರ್ಥ, ಮುಂದೆ ಕಲ್ಲು ಬಿರುಕು ಬಿಡುವುದು ಖಂಡಿತ.

"ನಡಿಯೇ ನೆರಿಸ್. ನಮ್ಮಲ್ಲಿ ತೂಕ ಇರೋದು ನಿಂಗೆ ಮಾತ್ರ."

"ಮನೆಗ್ ಬಾ, ತೂಕ ತೋರಿಸ್ತೀನಿ," ಎಂದು ಹೆಜ್ಜೆ ಹಾಕಿದೆ. ಕಿಟಕಿಯ ಬಳಿ ಚಹಾ ಅಲುಗಲಿಲ್ಲ. ಮಗ್ಗನ್ನು ನಡುವಿಗೆ ಸರಿಸಿ ನಡೆದಾಗ ಚೆಲ್ಲಿಹೋಯಿತು.

ಗೆರಾಂಟ್ ಸ್ಕ್ರೂ ಬಿಚ್ಚಿ ಹಲಗೆ ಎತ್ತಿದ. ಕಚ್ಚು ಅರ್ಧ ತೊಲೆಯನ್ನೇ ತಿಂದಿತ್ತು. ಪಕ್ಕದ್ದೂ ಹಾಗೇ.

"ಹಿಂದಿನ ಕಾಲದ ಬಡಗಿ ಯಾರೋ ಕೊಯ್ದಿರ್ಬೇಕು," ಎಂದೆ.

"ಮರ ಇನ್ನೂ ಬೆಳ್ಳಗಿದೆ ನೆರಿಸ್. ಬಾಯ್ಮುಚ್ಚು."

ಅಷ್ಟರಲ್ಲಿ ಮಿಸೆಸ್ ಪ್ರೋಬರ್ಟ್ ಒಳಗೆ ಬಂದರು. ಅವರ ಹಿಂದೆಯೇ ಗರಗಸ ಹಿಡಿದ ಎಮ್ಲಿನ್.

"ಹಲಗೆ ಮತ್ಯಾಕೆ ಕಿತ್ರಿ?" ಎಂದರು ಅವರು.

ಗೆರಾಂಟ್ ಬಾಯಿ ತೆರೆದ. ಅಣ್ಣನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಎಮ್ಲಿನ್ ತಾನೇ ಮೊದಲು ಬಾಯಿ ಹಾಕಿದ. "ಆ ಕಚ್ಚು ಹಾಕಿದ್ದು ನಾನು. ಸರಿಯಾಗೇ ಇದೆ. ಉಗುರಿನಷ್ಟೇ ಆಳ, ನಾನೇ ಮುಟ್ಟಿ ನೋಡಿದ್ದೀನಿ."

"ಎಮ್ಲಿನ್," ಎಂದರು ಮಿಸೆಸ್ ಪ್ರೋಬರ್ಟ್ ಮೆಲ್ಲಗೆ, "ನಿನ್ ಕೈ ನೋಡ್ಕೊ."

ಅವನ ಹೆಬ್ಬೆರಳು ಗರಗಸದ ಹಲ್ಲಿನ ಮೇಲೆ ಒತ್ತಿಕೊಂಡಿತ್ತು. ರಕ್ತ ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಬೇರೆಯವರ ಕೈ ಎಂಬಂತೆ ನೋಡಿದ.

"ಯಾವಾಗಿಂದ ಬೆರಳಿಗೆ ಸ್ಪರ್ಶ ಇಲ್ಲ?" ಎಂದು ಕೇಳಿದೆ.

"ಆಸ್ಪತ್ರೆಯಿಂದ ಬಂದಾಗಿಂದ."

"ಬೊಗಳೋಕೇನಾಗಿತ್ತು ನಿಂಗೆ!" ಎಂದು ಕಿರುಚಿದೆ. ಬಟ್ಟೆ ಸುತ್ತುತ್ತಾ ಅತ್ತೇಬಿಟ್ಟೆ.

"ನೆಲ ಸರಿಹೋಗುತ್ತಾ?" ಎಂದು ಮಿಸೆಸ್ ಪ್ರೋಬರ್ಟ್ ಗೆರಾಂಟ್‌ನನ್ನು ಕೇಳಿದರು.

"ಪಕ್ಕಕ್ಕೆ ಹೊಸ ತೊಲೆ ಕೊಟ್ಟು ಬೋಲ್ಟ್ ಬಿಗಿದ್ರೆ ಅಲುಗಲ್ಲ."

"ಮಾಡಿ ಹಾಗಾದ್ರೆ."

ಹೊಸ ತೊಲೆಗೆ ಗೆರಾಂಟ್ ತಾನೇ ಕಚ್ಚು ಹಾಕಲು ಕೂತ. ಎಮ್ಲಿನ್ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಗರಗಸ ಮರಕ್ಕಿಳಿಯಿತು. "ಸಾಕು! ನಿಲ್ಸು!" ಎಂದು ಅವನು ಕೂಗಿಬಿಟ್ಟ, ಆಮೇಲೆ ತಲೆ ತಗ್ಗಿಸಿದ. ಗೆರಾಂಟ್ ಅಳತೆಪಟ್ಟಿ ಹಿಡಿದು ನೋಡಿದ. ಆಳ ಸರಿಯಾಗಿತ್ತು.

ಹೊರಡುವಾಗ ಎಮ್ಲಿನ್ ಬರಿಗೈಯಲ್ಲಿ ಬಾಗಿಲಿನತ್ತ ನಡೆದ. "ಗರಗಸ ನೀನೇ ಇಟ್ಕೊ ಗೆರಾಂಟ್. ನಾನಿನ್ನು ಮನೇಲೇ ಇರ್ತೀನಿ."

"ಕೊಯ್ಯೋದು ನಾನೇ," ಎಂದ ಗೆರಾಂಟ್. "ಎಲ್ಲಿ ನಿಲ್ಲಿಸ್ಬೇಕು ಅಂತ ಕೂಗೋಕೆ ಯಾರ್ ಬರ್ತಾರೆ? ನಾಳೆ ಲೇಟ್ ಮಾಡ್ಬೇಡ."