ಮಮದಾಪುರದ ಬಿಳಿ ಕಲ್ಲು

ನಿರ್ಮಲಾ ಬ್ಲೌಸ್ ಹೊಲಿಯುವವಳು. ವಿಜಯಪುರದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಅದರೆದುರು ಮೀನು ಸಾಕಿದ ಗಾಜಿನ ತೊಟ್ಟಿ. ಓಣಿಗೆ ನಳ ಬರಲೆಂದು ಖಾಲಿ ಕೊಡ ಹಿಡಿದು ಮೂರು ದಿನ ರಸ್ತೆಯಲ್ಲಿ ಕುಳಿತವಳು, ಪೊಲೀಸರ ಲಾಠಿಗೆ ಹೆದರದವಳು. ಆದರೆ ಒಂದು ಮೀನು ಮೇವು ಬಿಟ್ಟರೆ ಸಾಕು, ಯಂತ್ರದ ಮೇಲಿನ ಕಾಲು ನಿಲ್ಲುತ್ತದೆ.

ಹೋದ ತಿಂಗಳು ತವರು ಮಮದಾಪುರಕ್ಕೆ ಹೋಗಿದ್ದಳು. ಸಣ್ಣವಳಿದ್ದಾಗ ಕುರಿಗಳಿಗೆ ನೀರು ಕುಡಿಸುವ ನೆಪದಲ್ಲಿ ಅಕ್ಕ ಸಾವಂತ್ರವ್ವನ ಜೊತೆ ಕೆರೆಯ ದಂಡೆಯಲ್ಲಿ ಕೂತು ಐದು ಕಲ್ಲಿನ ಆಟ ಆಡುತ್ತಿದ್ದಳು. ಕುರಿಗಳು ಯಾರದೋ ಜೋಳಕ್ಕೆ ನುಗ್ಗುತ್ತಿದ್ದವು. ಇಬ್ಬರಿಗೂ ಮನೆಯಲ್ಲಿ ಸರಿಯಾಗಿ ಏಟು ಬೀಳುತ್ತಿತ್ತು. ಮರುದಿನ ಮತ್ತೆ ಅಲ್ಲೇ. ಈ ಸಲ ಅದೇ ದಂಡೆಯ ಬಿಳಿ ಕಲ್ಲುಗಳನ್ನು ಕೈಚೀಲ ತುಂಬ ಆರಿಸಿಕೊಂಡು ಬಸ್ಸು ಹತ್ತಿದಳು. ಬಬಲೇಶ್ವರದಲ್ಲಿ ಕಂಡಕ್ಟರ್ ಚೀಲ ಸರಿಸಲು ಹೋಗಿ ತಿಣುಕಿದ.

“ಏನ್ರೀ ಅಕ್ಕಾರ, ಮನಿ ಕಟ್ಟಾಕತ್ತೀರೇನು?”

“ಹೂನಪಾ, ಮೀನಿಗೆ.”

ತಿಕ್ಕಿ ತೊಳೆದು, ಕುದಿಸಿ, ಕಲ್ಲುಗಳನ್ನು ತೊಟ್ಟಿಗೆ ಇಳಿಸಿದಳು. ದೀಪ ಹಾಕಿದರೆ ಥೇಟ್ ಕೆರೆಯ ದಂಡೆ. ಎರಡು ವಾರದಲ್ಲಿ ಏಂಜಲ್ ಮೀನಿನ ಜೋಡಿ ರೆಕ್ಕೆ ಮುದುರಿ ಮೂಲೆ ಹಿಡಿಯಿತು. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಎರಡು ಸತ್ತವು. ಉಳಿದದ್ದು ಏಳು.

ಸಾಕುಮೀನಿನಂಗಡಿಯ ಅಬ್ದುಲಸಮದ ಕರೆದದ್ದಕ್ಕೆ ಬಂದ. ಸಣ್ಣ ಬಾಟಲಿಗೆ ತೊಟ್ಟಿಯ ನೀರು ತುಂಬಿ, ಔಷಧಿಯ ಹನಿ ಬಿಟ್ಟು, ನೀರಿನ ಬಣ್ಣವನ್ನು ಅಳತೆಯ ಬಣ್ಣಪಟ್ಟಿಗೆ ಹಿಡಿದು ನೋಡಿದ.

“ಪಿಎಚ್ ಎಂಟೂವರಿಗೆ ಹೋಗೇತಿ ಅಕ್ಕಾ. ಏಳರ ಹತ್ರ ಇರಬೇಕು. ಈ ಕಲ್ಲ ಎಲ್ಲಿವು?”

“ನಮ್ಮೂರ ಕೆರೀವು. ಯಾಕ?”

ಅವನು ಒಂದು ಕಲ್ಲು ತೆಗೆದು ಒರೆಸಿ, ಒಳಗಿನಿಂದ ಅರ್ಧ ಲಿಂಬೆ ತರಿಸಿ ಅದರ ಮೇಲೆ ಹಿಂಡಿದ. ಬುಸಬುಸ ನೊರೆ ಎದ್ದಿತು. “ಸುಣ್ಣದ ಕಲ್ಲ. ನೀರಾಗ ಕರಗಾಕತ್ತಾವ, ಅದಕ್ಕ ಪಿಎಚ್ ಏರೇತಿ. ತಗೀರಿ ಎಲ್ಲಾ.”

“ನಮ್ಮ ಕೆರಿಯಾಗ ಮೀನ ಬದಕಿರಲಿಲ್ಲೇನು?”

“ಅವು ಅಲ್ಲೇ ಹುಟ್ಟಿದ್ವು. ಇವಕ್ಕ ಆ ನೀರ ಒಗ್ಗೂದಿಲ್ಲ.”

ನಿರ್ಮಲಾ ಒಳಗೆ ಹೋಗಿ ನಾಲ್ಕು ಲಿಂಬೆಹಣ್ಣು ತಂದಳು. “ಹಂಗಾರ ಇವನ್ನ ಹಿಂಡತೀನಿ. ಕಲ್ಲೂ ಇರಲಿ.”

“ಯಕ್ಕಾ, ಸಾರ ಮಾಡಾಕತ್ತೀರೇನು! ಒಮ್ಮೆಲೆ ಹುಳಿ ಬಿದ್ರ ಉಳಿದವೂ ಹೋಗ್ತಾವ. ಕಲ್ಲ ತಗೀರಿ. ದಿನಾ ಅರ್ಧ ಬಕೀಟ ನೀರ ಬದಲ ಮಾಡ್ರಿ. ಬರೇ ಬೋರಿನ ನೀರ ಹಾಕಬ್ಯಾಡ್ರಿ, ಕ್ಯಾನಿನ ಫಿಲ್ಟರ ನೀರ ಬೆರಸ್ರಿ. ಅವಸರ ಮಾಡಬ್ಯಾಡ್ರಿ.”

ಅವನು ಹೋದ ಮೇಲೆ ರವಿಕೆಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದಳು. ಕೆಲವು ಕಲ್ಲು ಆಟದ ಕಲ್ಲಿನಷ್ಟೇ ಇದ್ದವು; ಮೇಲೆ ಹಾರಿಸಿ ಮುಷ್ಟಿಯಲ್ಲಿ ಹಿಡಿಯಲು ಸರಿಯಾದ ಅಳತೆ. ಒಂದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಒಂದು ಏಂಜಲ್ ಮೀನು ಗಾಜಿಗೆ ವಾಲಿಕೊಂಡು ಏದುಸಿರು ಬಿಡುತ್ತಿತ್ತು. ಆ ಕಲ್ಲನ್ನೂ ಬುಟ್ಟಿಗೆ ಹಾಕಿದಳು.

ಹನ್ನೆರಡು ದಿನ ಬಕೀಟು ಹೊತ್ತಳು. ನಡುವೆ ಇನ್ನೊಂದು ಸತ್ತಿತು. ಹದಿಮೂರನೇ ದಿನ ಬಾಟಲಿಯ ನೀರಿನ ಬಣ್ಣ ಪಟ್ಟಿಯಲ್ಲಿ ಏಳೂವರೆಗೆ ಇಳಿಯಿತು. ಏಂಜಲ್ ಜೋಡಿ ಮೇವಿಗೆ ಎದ್ದು ಬಂತು.

ಆ ದಿನ ಬ್ಲೌಸಿನ ಅಳತೆ ಕೊಡಲು ಬಂದ ಪಕ್ಕದ ಮನೆಯ ತರನ್ನುಮ ಬೋಳು ತೊಟ್ಟಿ ನೋಡಿ, “ಆ ಬೆಳ್ಳನ್ನ ಕಲ್ಲ ಭಾಳ ಚಂದ ಇದ್ವಲ್ರಿ!” ಎಂದಳು.

“ಚಂದ ಇದ್ವು. ಹಿತ್ತಲದಾಗ ಅದಾವ,” ಎಂದಳು ನಿರ್ಮಲಾ, ಅಳತೆಯ ಟೇಪು ಬಿಚ್ಚುತ್ತ. “ಇನ್ನ ಆರ ಮೀನ ಒಳಗ ಅದಾವ. ತೋಳ ಎತ್ತ.”